ಸ್ಟೀಫನ್ ಕಿಂಗ್ ಬರೆದದ್ದರಲ್ಲಿ ಯಾವುದು ಮೇಲು? ಸ್ನೇಹಿತರ ಜಗಳಕ್ಕೊಂದು ತೀರ್ಪು

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು ಅಮೆರಿಕದ ಹಾರರ್ ಲೇಖಕ ಸ್ಟೀಫನ್ ಕಿಂಗ್ ಕಾದಂಬರಿಗಳ ಬಗ್ಗೆ ಸೇರಿದಾಗಲೆಲ್ಲ ಜಗಳ ಆಡುತ್ತೇವೆ. ಒಬ್ಬ ‘ಇಟ್’ ಬಿಟ್ಟರೆ ಬೇರೆ ಇಲ್ಲ ಎನ್ನುತ್ತಾನೆ. ಇನ್ನೊಬ್ಬಳಿಗೆ ‘ದಿ ಸ್ಟ್ಯಾಂಡ್’ ಅಂದರೆ ಪ್ರಾಣ. ಮೂರನೆಯವನು ‘ದಿ ಶೈನಿಂಗ್’ ಸಿನಿಮಾ ನೋಡಿದ್ದಾನೆ, ಪುಸ್ತಕ ಯಾಕೆ ಓದಬೇಕು ಅಂತ ಕೇಳುತ್ತಾನೆ. ಎಂಬತ್ತರ ದಶಕ ಮುಗಿದ ಮೇಲೆ ಕಿಂಗ್ ಬರೆದದ್ದೆಲ್ಲ ಬರೀ ದಪ್ಪ, ಒಳಗೆ ಏನೂ ಇಲ್ಲ ಅನ್ನುವುದು ನನ್ನ ವಾದ. ನೀವು ಏನಂತೀರಿ? ಜೊತೆಗೆ ಇನ್ನೊಂದು. ನನ್ನ 13 ವರ್ಷದ ಮಗಳು ‘ಇಟ್’ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕೊಡಬಹುದಾ?

ಉತ್ತರ: ತೀರ್ಪು ಮೊದಲೇ ಹೇಳಿಬಿಡುತ್ತೇನೆ, ವಾದ ಆಮೇಲೆ. ಕಿಂಗ್ ಬರೆದ ಹಾರರ್ ಕಾದಂಬರಿಗಳಲ್ಲಿ ಮೊದಲ ಸ್ಥಾನ 1983ರ ‘ಪೆಟ್ ಸೆಮೆಟರಿ’ಗೆ. ನಿಮ್ಮ ಗುಂಪಿನಲ್ಲಿ ಯಾರೂ ಅದರ ಹೆಸರನ್ನೇ ಎತ್ತಿಲ್ಲ! ಅದರ ಬೆನ್ನಿಗೆ 1987ರ ‘ಮಿಸರಿ’, ಆಮೇಲೆ 1977ರ ‘ದಿ ಶೈನಿಂಗ್’. ‘ಇಟ್’, ‘ದಿ ಸ್ಟ್ಯಾಂಡ್’ ಎರಡರಲ್ಲೂ ಕಿಂಗ್ ಬರೆದ ಅತ್ಯುತ್ತಮ ಪುಟಗಳಿವೆ. ಆದರೆ ಒಳ್ಳೆಯ ಪುಟಗಳೇ ಬೇರೆ, ಒಳ್ಳೆಯ ಪುಸ್ತಕವೇ ಬೇರೆ. ಕತೆಯ ಗುಟ್ಟು ಬಿಟ್ಟುಕೊಡದೆ ಈ ವಾದ ಮಾಡಲು ಬರುವುದಿಲ್ಲ. ಇವನ್ನೆಲ್ಲ ಮುಂದೆ ಓದಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ, ಓದಿ ಬನ್ನಿ.

ನನ್ನ ಅಳತೆ ಸರಳ. ದೆವ್ವ ಬರುವ ಮುಂಚೆಯೇ ಆ ಮನೆಯಲ್ಲಿ ಹೆದರಿಕೆ ಇತ್ತಾ? ಕಿಂಗ್ ಗೆದ್ದಾಗಲೆಲ್ಲ ಉತ್ತರ ‘ಹೌದು’. ಕುಡಿಯುವ ಅಪ್ಪ, ಮಗು ಸತ್ತುಹೋದರೆ ಎಂಬ ಭಯ, ಹಾಸಿಗೆ ಹಿಡಿದಾಗ ಯಾರದೋ ಕೈಗೆ ಸಿಕ್ಕಿಬೀಳುವುದು. ಇದೆಲ್ಲ ಮೊದಲು, ದೆವ್ವ ಆಮೇಲೆ. ಎರಡನೆಯದಾಗಿ, ಪಾತ್ರಗಳಿಗೆ ಓಡಿಹೋಗಲು ದಾರಿ ಇದೆಯಾ ಅಂತ ನೋಡುತ್ತೇನೆ. ಜನ ಕಡಿಮೆ, ಜಾಗ ಇಕ್ಕಟ್ಟು ಆದಷ್ಟೂ ಕಿಂಗ್ ಚೆನ್ನಾಗಿ ಬರೆಯುತ್ತಾರೆ. ಒಳ್ಳೆಯವರೆಲ್ಲ ಒಂದು ದಂಡಾಗಿ ಕೆಟ್ಟದ್ದರ ಮೇಲೆ ಯುದ್ಧಕ್ಕೆ ಹೊರಟರು ಅಂದರೆ ಕೊನೆಯ ನೂರು ಪುಟ ಎಡವುವುದು ಹೆಚ್ಚುಕಡಿಮೆ ಖಚಿತ.

‘ಪೆಟ್ ಸೆಮೆಟರಿ’ ಹುಟ್ಟಿದ್ದು ಹೀಗೆ. ಎಪ್ಪತ್ತರ ದಶಕದ ಕೊನೆಗೆ ಕಿಂಗ್ ತಾವು ಓದಿದ್ದ, ಅಮೆರಿಕದ ಮೇನ್ ರಾಜ್ಯದ ವಿಶ್ವವಿದ್ಯಾಲಯದಲ್ಲೇ ಒಂದು ವರ್ಷ ಪಾಠ ಮಾಡಲು ಹೋದರು. ಹತ್ತಿರದ ಆರಿಂಗ್ಟನ್ ಎಂಬ ಊರಿನಲ್ಲಿ ಬಾಡಿಗೆ ಮನೆ. ಮನೆ ಮುಂದೆ ದೊಡ್ಡ ರಸ್ತೆ, ಬಿಡುವಿಲ್ಲದ ಲಾರಿಗಳು. ರಸ್ತೆಗೆ ಸಿಕ್ಕಿ ಸತ್ತ ನಾಯಿ, ಬೆಕ್ಕುಗಳನ್ನು ಅಲ್ಲಿನ ಮಕ್ಕಳು ಕಾಡಿನಲ್ಲಿ ಒಂದು ಜಾಗ ಮಾಡಿ ಹೂಳುತ್ತಿದ್ದರು. ಕಿಂಗ್ ಮಗಳ ಬೆಕ್ಕೂ ಅಲ್ಲೇ ಮಣ್ಣಾಯಿತು. ಆಮೇಲೊಂದು ದಿನ ಪುಟ್ಟ ಮಗ ರಸ್ತೆ ಕಡೆ ಓಡಿ, ಸ್ವಲ್ಪದರಲ್ಲಿ ಉಳಿದ. ಉಳಿಯದೇ ಹೋಗಿದ್ದರೆ? ಕಾದಂಬರಿ ಪೂರ್ತಿ ಆ ಪ್ರಶ್ನೆಯ ಮೇಲೇ ನಿಂತಿದೆ. ಬರೆದು ಮುಗಿಸಿದ ಮೇಲೆ ಇದು ಅತಿಯಾಯಿತು ಅನ್ನಿಸಿ ಕಿಂಗ್ ಅದನ್ನು ಒಳಗಿಟ್ಟುಬಿಟ್ಟರು. ಹಳೆಯ ಪ್ರಕಾಶಕರ ಜೊತೆಗಿನ ಒಪ್ಪಂದ ಮುಗಿಸಲು ಒಂದು ಪುಸ್ತಕ ಕೊಡಲೇಬೇಕಾಗಿ ಬಂತು, ಆಗ ಹೊರಬಂತು. ತಾವು ಬರೆದದ್ದರಲ್ಲಿ ತಮ್ಮನ್ನೇ ಹೆಚ್ಚು ಹೆದರಿಸಿದ ಪುಸ್ತಕ ಇದು ಅಂತ ಕಿಂಗ್ ಹೇಳಿಕೊಂಡಿದ್ದಾರೆ.

ಕತೆ ಇಷ್ಟೇ. ಲೂಯಿಸ್ ಕ್ರೀಡ್ ಒಬ್ಬ ಡಾಕ್ಟರು. ಹೆಂಡತಿ ರೇಚಲ್, ಮಗಳು ಎಲೀ, ಪುಟ್ಟ ಮಗ ಗೇಜ್ ಜೊತೆ ಚಿಕಾಗೊ ಬಿಟ್ಟು ಮೇನ್ ರಾಜ್ಯದ ಲಡ್ಲೋಗೆ ಬರುತ್ತಾನೆ. ಮಗಳ ಬೆಕ್ಕು ಲಾರಿಗೆ ಸಿಕ್ಕಿ ಸಾಯುತ್ತದೆ. ಎದುರುಮನೆಯ ಮುದುಕ ಜಡ್ ಕ್ರ್ಯಾಂಡಲ್ ಲೂಯಿಸ್‌ನನ್ನು ಪ್ರಾಣಿಗಳ ಸ್ಮಶಾನದಿಂದಲೂ ಆಚೆ, ಇನ್ನೊಂದು ಜಾಗಕ್ಕೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಹೂತ ಬೆಕ್ಕು ಮಾರನೇ ದಿನ ಮನೆಗೆ ವಾಪಸ್ಸು. ಆದರೆ ಅದು ಮುಂಚಿನ ಬೆಕ್ಕಲ್ಲ. ಮಣ್ಣಿನ ನಾತ, ಎಡವಿದ ಹಾಗೆ ನಡಿಗೆ.

ಈಗ ಗಾಳಿಪಟ ಹಾರಿಸುವ ಅಧ್ಯಾಯಕ್ಕೆ ಬನ್ನಿ. ಮಾರ್ಚ್ ತಿಂಗಳು, ಮನೆ ಹತ್ತಿರದ ಬಯಲು. ಲೂಯಿಸ್ ಪಟ ಮೇಲೇರಿಸಿ, ದಾರವನ್ನು ಮಗುವಿನ ಕೈಗೆ ಕೊಡುತ್ತಾನೆ, ಎಳೆತ ಅವನಿಗೂ ಗೊತ್ತಾಗಲಿ ಅಂತ. ಗೇಜ್ ಕೇಕೆ ಹಾಕಿ ನಗುತ್ತಾನೆ. ಆ ನಗುವನ್ನು ಹೇಳುವ ವಾಕ್ಯದ ಮಧ್ಯದಲ್ಲೇ ಕಿಂಗ್ ಇನ್ನೊಂದು ಮಾತು ತೂರಿಸುತ್ತಾರೆ: ಈ ಮಗುವಿಗೆ ಇನ್ನು ಎರಡು ತಿಂಗಳೂ ಆಯಸ್ಸಿಲ್ಲ. ಬೇರೆಯವರಾಗಿದ್ದರೆ ಸಾವನ್ನು ಗುಟ್ಟಾಗಿಟ್ಟು, ನಾವು ಮೈಮರೆತಾಗ ಬೆಚ್ಚಿಬೀಳಿಸುತ್ತಿದ್ದರು. ಕಿಂಗ್ ಮೊದಲೇ ಹೇಳಿ, ಆ ಅಧ್ಯಾಯದ ಉಳಿದ ಸಂತೋಷವನ್ನೆಲ್ಲ ನಮ್ಮ ಹೊಟ್ಟೆಯೊಳಗೆ ಕಲ್ಲು ಮಾಡಿಬಿಡುತ್ತಾರೆ.

ಮುಂದಿನ ಪುಟಗಳಲ್ಲಿ ದೆವ್ವವೇ ಇಲ್ಲ. ಮಗುವಿನ ಶವ ಇಟ್ಟಿರುವ ಜಾಗದಲ್ಲೇ ಮಾವ, ಅಳಿಯ ಕೈ ಕೈ ಮಿಲಾಯಿಸುತ್ತಾರೆ. ಪೆಟ್ಟಿಗೆ ಕೆಳಗೆ ಬೀಳುತ್ತದೆ. ಆಮೇಲೆ ಒಂದು ವಿಚಿತ್ರ ಅಧ್ಯಾಯ. ಅಪ್ಪ ಓಡಿಹೋಗಿ ಮಗುವಿನ ಜಾಕೆಟ್ ಹಿಡಿದು ಎಳೆಯುತ್ತಾನೆ, ಲಾರಿ ದಾಟಿಹೋಗುತ್ತದೆ. ಗೇಜ್ ಬೆಳೆಯುತ್ತಾನೆ, ಕಾಲೇಜಿಗೆ ಹೋಗುತ್ತಾನೆ, ಈಜುಗಾರನಾಗಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆಲ್ಲುತ್ತಾನೆ. ಹೆಚ್ಚು ಪುಟಗಳೇನಿಲ್ಲ, ಅಷ್ಟರಲ್ಲೇ ಒಂದಿಡೀ ಬದುಕು. ಅದಾದ ಮೇಲೆ ಲೂಯಿಸ್‌ಗೆ ಎಚ್ಚರವಾಗುತ್ತದೆ. ಹಾರರ್ ಬರೆಯುವವರು ಅಂತ ಮೂಗು ಮುರಿಯುವವರಿಗೆ ನಾನು ತೋರಿಸುವುದು ಈ ಅಧ್ಯಾಯವನ್ನೇ.

ಆ ಮಣ್ಣಿನಿಂದ ಏನು ಎದ್ದುಬರುತ್ತದೆ ಅಂತ ಲೂಯಿಸ್‌ಗೆ ಗೊತ್ತು. ಬೆಕ್ಕನ್ನು ಕಣ್ಣಾರೆ ನೋಡಿದ್ದಾನೆ. ಹಿಂದೆ ಯುದ್ಧದಲ್ಲಿ ಸತ್ತ ಹುಡುಗನನ್ನು ಅಲ್ಲಿ ಹೂತಾಗ ಏನಾಯಿತು ಅಂತ ಜಡ್ ಹೇಳಿದ್ದಾನೆ. ಆದರೂ ಗುದ್ದಲಿ ಹಿಡಿದು ಹೊರಡುತ್ತಾನೆ. ಪ್ರತಿ ಹೆಜ್ಜೆಗೂ ಅವನ ಹತ್ತಿರ ಡಾಕ್ಟರಿಗೆ ತಕ್ಕ ಕಾರಣಗಳಿವೆ. ಓದುತ್ತಾ ಓದುತ್ತಾ, ಬೇಡ ಕಣಯ್ಯ ಅನ್ನುವುದನ್ನು ನಾವೇ ನಿಲ್ಲಿಸಿರುತ್ತೇವೆ. ಭಯ ಇರುವುದು ಅಲ್ಲಿ. ಪುಸ್ತಕ ಕೊನೆಯವರೆಗೂ ಸಮಾಧಾನದ ಒಂದು ಮಾತೂ ಹೇಳುವುದಿಲ್ಲ.

ದೋಷ ಇಲ್ಲವಾ? ಇದೆ. ಆ ಶಾಪದ ನೆಲ ಮಿಕ್ಮ್ಯಾಕ್ ಮೂಲನಿವಾಸಿಗಳ ಸ್ಮಶಾನ ಅಂತ ಕಿಂಗ್ ಇಟ್ಟರು. ಅವರ ಮಣ್ಣು ಕತೆಗೆ ಬೇಕು, ಅವರಲ್ಲಿ ಒಬ್ಬ ಮನುಷ್ಯನೂ ಪಾತ್ರವಾಗಿ ಮುಂದೆ ಬರುವುದಿಲ್ಲ. ಅಮೆರಿಕದ ಹಾರರ್‌ನಲ್ಲಿ ಇದೊಂದು ಸವೆದ ದಾರಿ. ಇದೇ ತರಹ, ಬಿಳಿಯರ ಸಹಾಯಕ್ಕೆಂದೇ ಬಂದಂತಿರುವ ಮಹಿಮೆಯುಳ್ಳ ಕರಿಯ ಪಾತ್ರಗಳ ಬಗ್ಗೆಯೂ ದೂರು ಇದೆ: ‘ದಿ ಶೈನಿಂಗ್’ನ ಹ್ಯಾಲೊರನ್, ‘ದಿ ಸ್ಟ್ಯಾಂಡ್’ನ ಮದರ್ ಅಬಗೇಲ್, ‘ದಿ ಗ್ರೀನ್ ಮೈಲ್’ನ ಜಾನ್ ಕಾಫಿ. ದೂರು ನ್ಯಾಯವಾದದ್ದೇ.

‘ಮಿಸರಿ’ಯಲ್ಲಿ ದೆವ್ವ ಇಲ್ಲವೇ ಇಲ್ಲ. ಒಂದು ಮನೆ, ಇಬ್ಬರು ಜನ. ಪಾಲ್ ಶೆಲ್ಡನ್ ಜನಪ್ರಿಯ ಕಾದಂಬರಿಕಾರ. ಹಿಮದಲ್ಲಿ ಕಾರು ಉರುಳಿ ಕಾಲು ಮುರಿದುಕೊಂಡವನನ್ನು ಮನೆಗೆ ತಂದು ಉಳಿಸುವವಳು ಆ್ಯನಿ ವಿಲ್ಕ್ಸ್. ಹಿಂದೆ ನರ್ಸ್ ಆಗಿದ್ದವಳು, ಅವನ ಪುಸ್ತಕಗಳ ಹುಚ್ಚು ಅಭಿಮಾನಿ. ತನ್ನ ಪ್ರೀತಿಯ ನಾಯಕಿಯನ್ನು ಅವನು ಕತೆಯಲ್ಲಿ ಸಾಯಿಸಿದ್ದಾನೆ ಅಂತ ಗೊತ್ತಾಗುತ್ತದೆ. ಬದುಕಿಸು ಅನ್ನುತ್ತಾಳೆ. ನೋವಿನ ಮಾತ್ರೆ ಅವಳ ಕೈಯಲ್ಲಿದೆ, ಬಾಗಿಲ ಕೀ ಅವಳ ಹತ್ತಿರ.

ಅವಳು ತಂದುಕೊಟ್ಟ ಹಳೆಯ ಟೈಪ್‌ರೈಟರಿನಲ್ಲಿ ‘ಎನ್’ ಅಕ್ಷರ ಮುರಿದುಹೋಗಿದೆ. ಪಾಲ್ ಬರೆಯುವ ಕಾದಂಬರಿಯ ಪುಟಗಳು ನಮ್ಮ ಪುಸ್ತಕದಲ್ಲೂ ಹಾಗೆಯೇ ಅಚ್ಚಾಗಿವೆ, ‘ಎನ್’ ಮಾತ್ರ ಕೈಯಲ್ಲಿ ತುಂಬಿದ್ದು. ದಿನ ಕಳೆದಂತೆ ಇನ್ನೂ ಅಕ್ಷರಗಳು ಉದುರುತ್ತವೆ. ಅವನ ಮೈ ಸವೆದ ಹಾಗೆ ಪುಟವೂ ಸವೆಯುವುದನ್ನು ನಾವು ಕಣ್ಣಲ್ಲೇ ನೋಡುತ್ತೇವೆ. ಇನ್ನೊಂದು ಮಜಾ ಇದೆ. ಪಾಲ್ ಮೊದಲು ಹೇಗೋ ತೇಪೆ ಹಚ್ಚಿ ನಾಯಕಿಯನ್ನು ಬದುಕಿಸಿ ಕೊಟ್ಟಾಗ, ಇದು ಮೋಸ, ಹಿಂದಿನ ಪುಸ್ತಕದ ಕೊನೆಗೆ ಇದು ಹೊಂದುವುದಿಲ್ಲ ಅಂತ ಆ್ಯನಿ ಪುಟ ವಾಪಸ್ಸು ಕೊಡುತ್ತಾಳೆ. ಅವಳು ಹೇಳಿದ್ದು ಸರಿ! ಕಿಂಗ್ ಸೃಷ್ಟಿಸಿದ ಅತ್ಯುತ್ತಮ ವಿಮರ್ಶಕಿ ಆ ಕೊಲೆಗಾತಿಯೇ. ಆ್ಯನಿ ಅಂದರೆ ತಮ್ಮ ಕೊಕೇನ್ ಚಟ ಅಂತ ಕಿಂಗ್ ಆಮೇಲೆ ಹೇಳಿಕೊಂಡರು. ಮನೆಯೊಳಗಿನ ಹೆದರಿಕೆ ಅಂದೆನಲ್ಲ, ಅದು ಇದೇ.

1990ರ ಸಿನಿಮಾದಲ್ಲಿ ಆ್ಯನಿ ಪಾತ್ರಕ್ಕೆ ಕ್ಯಾಥಿ ಬೇಟ್ಸ್‌ಗೆ ಆಸ್ಕರ್ ಬಂತು. ನಮ್ಮ ಕಡೆಯ ನಂಟೂ ಒಂದಿದೆ. ಕನ್ನಡದ ‘ಕೋಕಿಲ’ದಿಂದ ನಿರ್ದೇಶನ ಶುರು ಮಾಡಿದ ಬಾಲು ಮಹೇಂದ್ರ 2003ರಲ್ಲಿ ತಮಿಳಿನಲ್ಲಿ ‘ಜೂಲಿ ಗಣಪತಿ’ ಮಾಡಿದರು. ಮೂಲ ‘ಮಿಸರಿ’ಯೇ. ಜೂಲಿಯಾಗಿ ನಟಿಸಿದ್ದು ‘ಹೊಸ ಬೆಳಕು’ ಸಿನಿಮಾದ ಸರಿತಾ. ಸಿಕ್ಕರೆ ನೋಡಿ.

ಇನ್ನು ಸಿನಿಮಾ ಸಾಕು ಅನ್ನುವ ನಿಮ್ಮ ಮೂರನೇ ಸ್ನೇಹಿತನಿಗೆ. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ 1980ರಲ್ಲಿ ಮಾಡಿದ ‘ದಿ ಶೈನಿಂಗ್’ ದೊಡ್ಡ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬೇರೆಯೇ ಕತೆ. ಕಿಂಗ್‌ಗೆ ಅದು ಹಿಡಿಸಲೇ ಇಲ್ಲ. 1997ರಲ್ಲಿ ತಾವೇ ಚಿತ್ರಕತೆ ಬರೆದು ಟಿವಿ ಧಾರಾವಾಹಿ ಮಾಡಿಸಿದರು, ಅದು ಸಪ್ಪೆ. ಸಿನಿಮಾದಲ್ಲಿ ಕತೆಯ ಅಪ್ಪ ಜಾಕ್ ಟಾರೆನ್ಸ್ ಮೊದಲ ದೃಶ್ಯದಲ್ಲೇ ಅರ್ಧ ಹುಚ್ಚನ ಹಾಗೆ ಕಾಣುತ್ತಾನೆ. ಪುಸ್ತಕದ ಜಾಕ್ ಹಾಗಲ್ಲ. ಕುಡಿತ ಬಿಟ್ಟಿದ್ದಾನೆ. ಕುಡಿದ ಅಮಲಿನಲ್ಲಿ ಒಮ್ಮೆ ಮಗನ ತೋಳು ಮುರಿದಿದ್ದಾನೆ, ವಿದ್ಯಾರ್ಥಿಗೆ ಹೊಡೆದು ಮೇಷ್ಟ್ರ ಕೆಲಸ ಕಳೆದುಕೊಂಡಿದ್ದಾನೆ. ಚಳಿಗಾಲ ಪೂರ್ತಿ ಮುಚ್ಚಿರುವ ಹೋಟೆಲ್ ಕಾಯುವ ಕೆಲಸ ಅವನಿಗೆ ಕೊನೆಯ ಅವಕಾಶ. ಮಗನ ಮೇಲೆ ಪ್ರಾಣ ಇಟ್ಟುಕೊಂಡಿದ್ದಾನೆ. ಅದಕ್ಕೇ ಹೆದರಿಕೆ ಆಗುವುದು.

ಕಣಜದ ಗೂಡಿನ ಪ್ರಸಂಗ ಸಿನಿಮಾದಲ್ಲಿ ಇಲ್ಲ. ಚಾವಣಿ ರಿಪೇರಿ ಮಾಡುವಾಗ ಜಾಕ್‌ಗೆ ಕಣಜದ ಗೂಡು ಸಿಗುತ್ತದೆ. ಔಷಧಿ ಹೊಡೆದು, ಹುಳಗಳೆಲ್ಲ ಸತ್ತವು ಅಂತ ಖಾಲಿ ಗೂಡನ್ನು ಮಗ ಡ್ಯಾನಿಗೆ ಉಡುಗೊರೆ ಕೊಡುತ್ತಾನೆ. ತಾನು ಚಿಕ್ಕವನಿದ್ದಾಗ ಅವನ ಅಪ್ಪ ಕೊಟ್ಟದ್ದೂ ಅಂಥದ್ದೇ ಗೂಡು. ಮಗು ಅದನ್ನು ಮಂಚದ ಪಕ್ಕ ಇಟ್ಟುಕೊಂಡು ಮಲಗುತ್ತದೆ. ರಾತ್ರಿ ಗೂಡಿನಿಂದ ಕಣಜಗಳು ಹೊರಬಂದು ಕಚ್ಚುತ್ತವೆ. ಅಪ್ಪನಿಂದ ಮಗನಿಗೆ ಏನು ಇಳಿದು ಬರುತ್ತದೆ ಅನ್ನುವುದನ್ನು ಕಿಂಗ್ ಒಂದು ಮಾತು ವಿವರಿಸದೆ ತೋರಿಸುವುದು ಹೀಗೆ. ಹೋಟೆಲಿನ ಬಾಯ್ಲರ್ ಕೂಡ ಅಷ್ಟೇ. ದಿನಾ ಒತ್ತಡ ಇಳಿಸಬೇಕು, ಮರೆತರೆ ಸಿಡಿಯುತ್ತದೆ. ಸಿನಿಮಾದ ಕೊನೆಯಲ್ಲಿ ಜಾಕ್ ಹಿಮದಲ್ಲಿ ಹೆಪ್ಪುಗಟ್ಟುತ್ತಾನೆ. ಪುಸ್ತಕದಲ್ಲಿ ಒಂದು ಗಳಿಗೆ ಅಪ್ಪನಾಗಿ ವಾಪಸ್ಸು ಬಂದು, ಓಡು ಅಂತ ಮಗನಿಗೆ ಹೇಳುತ್ತಾನೆ. ಆಮೇಲೆ ಬಾಯ್ಲರ್ ಸಿಡಿದು ಹೋಟೆಲ್ ಸುಟ್ಟುಹೋಗುತ್ತದೆ. ಈ ಪುಸ್ತಕ ಬರೆಯುವಾಗ ತಮ್ಮ ಕುಡಿತದ ಬಗ್ಗೆಯೇ ಬರೆಯುತ್ತಿದ್ದೇನೆ ಅಂತ ಕಿಂಗ್‌ಗೆ ಹೊಳೆದಿರಲಿಲ್ಲವಂತೆ. 1974ರಲ್ಲಿ ಕೊಲರಾಡೊದ ಸ್ಟ್ಯಾನ್ಲಿ ಹೋಟೆಲ್ ಆ ವರ್ಷದ ಮಟ್ಟಿಗೆ ಬಾಗಿಲು ಹಾಕುವ ಮುಂಚೆ ಗಂಡ ಹೆಂಡತಿ ಅಲ್ಲಿ ಒಂದು ರಾತ್ರಿ ತಂಗಿದ್ದರು, ಕೋಣೆ ಸಂಖ್ಯೆ 217. ಕತೆ ಅಲ್ಲಿಂದ ಶುರುವಾಯಿತು.

‘ಇಟ್’ ವಿಷಯಕ್ಕೆ ನಿಮ್ಮ ಮೊದಲ ಸ್ನೇಹಿತನ ಜೊತೆ ಅರ್ಧ ದೂರ ನಾನೂ ಬರುತ್ತೇನೆ. 1986ರ ಈ ಕಾದಂಬರಿಗೆ 1,100ಕ್ಕೂ ಹೆಚ್ಚು ಪುಟ. ಡೆರಿ ಎಂಬ ಊರು, ಸುಮಾರು 27 ವರ್ಷಕ್ಕೊಮ್ಮೆ ಎಚ್ಚರಗೊಂಡು ಮಕ್ಕಳನ್ನು ತಿನ್ನುವ ಜೀವಿ, ಅದನ್ನು ಎದುರಿಸುವ ಏಳು ಮಕ್ಕಳು. ಎಲ್ಲರಿಗೂ ನೆನಪಿರುವುದು ಮಳೆನೀರಿನಲ್ಲಿ ಕಾಗದದ ದೋಣಿ, ಚರಂಡಿಯೊಳಗಿನ ಜೋಕರ್. ನನಗೆ ಅದಕ್ಕಿಂತ ಮೊದಲಿನ ಪುಟಗಳು ಇಷ್ಟ. ದೋಣಿಗೆ ಹಚ್ಚಲು ಮೇಣ ಬೇಕು. ಮೇಣ ಇರುವುದು ನೆಲಮಾಳಿಗೆಯಲ್ಲಿ. ಆರು ವರ್ಷದ ಜಾರ್ಜಿ ಮೆಟ್ಟಿಲ ಮೇಲೆ ನಿಂತು, ಲೈಟ್ ಸ್ವಿಚ್ ಹುಡುಕಲು ಕತ್ತಲೊಳಗೆ ಕೈ ಚಾಚಬೇಕು. ಏನೂ ಆಗುವುದಿಲ್ಲ. ಮೇಣ ತಂದು ಅಣ್ಣನಿಗೆ ಕೊಡುತ್ತಾನೆ. ಕತ್ತಲಲ್ಲಿ ಕೈ ಚಾಚಿದ ಆ ಗಳಿಗೆ ನಮ್ಮೆಲ್ಲರಿಗೂ ಗೊತ್ತು ಅಲ್ವಾ? ಮಕ್ಕಳ ಹೆದರಿಕೆಯನ್ನು ಇಷ್ಟು ಹತ್ತಿರದಿಂದ ಬಲ್ಲ ಲೇಖಕರು ಕಡಿಮೆ. ಊರಿನ ದೊಡ್ಡವರು ಎಲ್ಲ ಕಂಡೂ ಮುಖ ತಿರುಗಿಸುವುದು ಇನ್ನೂ ಭಯಾನಕ. ಅಷ್ಟರವರೆಗೆ ಇದು ದೊಡ್ಡ ಪುಸ್ತಕ. ಕೊನೆಗೆ ಮಾತ್ರ ಬ್ರಹ್ಮಾಂಡ, ಆಮೆ, ಜೇಡ ಅಂತ ಎಲ್ಲೆಲ್ಲೋ ಹೋಗಿ, ಇಷ್ಟು ಹೊತ್ತು ಕಾಣದೆ ಹೆದರಿಸಿದ್ದು ಕಣ್ಣೆದುರು ಬಂದು ಪೆಚ್ಚಾಗುತ್ತದೆ. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಜೀ ಟಿವಿಯ ‘ವೋ’ ನೆನಪಿರಬಹುದು, 1998ರದು, ಲಿಲಿಪುಟ್ ಜೋಕರ್ ಆಗಿದ್ದ ಧಾರಾವಾಹಿ. ಅದರ ಮೂಲ ಇದೇ.

‘ದಿ ಸ್ಟ್ಯಾಂಡ್’ದೂ ಅದೇ ಕಾಯಿಲೆ. ಮೊದಲ ಮೂರನೇ ಒಂದು ಭಾಗಕ್ಕೆ ಸಾಟಿ ಇಲ್ಲ. ಸೇನೆಯ ಪ್ರಯೋಗಾಲಯದಿಂದ ತಪ್ಪಿಸಿಕೊಂಡ ಜ್ವರ ಒಬ್ಬ ಪೊಲೀಸಿನವನಿಂದ ಅವನು ರಸ್ತೆಯಲ್ಲಿ ತಡೆದ ಇನ್ಶೂರೆನ್ಸ್ ಏಜೆಂಟಿಗೆ ಹತ್ತುತ್ತದೆ. ಆ ಏಜೆಂಟ್ ಊಟಕ್ಕೆ ನಿಲ್ಲಿಸಿದ ಹೋಟೆಲಿನವರಿಗೆ, ಅಲ್ಲಿಂದ ಇನ್ನೆಲ್ಲಿಗೋ. ತಣ್ಣಗೆ, ಲೆಕ್ಕ ಬರೆಯುವವರ ಹಾಗೆ ಕಿಂಗ್ ಹೇಳುತ್ತಾ ಹೋಗುತ್ತಾರೆ. ಕೋವಿಡ್ ನೋಡಿದ ನಾವು ಈಗ ಆ ಅಧ್ಯಾಯ ಓದಿದರೆ ಬೆನ್ನು ತಣ್ಣಗಾಗುತ್ತದೆ. (ಕೋವಿಡ್ ಆ ಜ್ವರದಷ್ಟು ಕೆಟ್ಟದ್ದಲ್ಲ ಅಂತ 2020ರಲ್ಲಿ ಕಿಂಗ್ ತಾವೇ ಜನರಿಗೆ ಹೇಳಬೇಕಾಯಿತು.) ಆಮೇಲೆ ಉಳಿದವರು ಒಳ್ಳೆಯವರ ಗುಂಪು, ಕೆಟ್ಟವರ ಗುಂಪು ಅಂತ ಎರಡಾಗುತ್ತಾರೆ. ಬರೆಯುವಾಗ ಕಿಂಗ್ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು, ಒಂದು ಬಾಂಬ್ ಇಟ್ಟು ಅರ್ಧ ಪಾತ್ರಗಳನ್ನು ಸಾಯಿಸಿ ದಾರಿ ಬಿಡಿಸಿಕೊಂಡರು. ಕೊನೆಯ ಗೆಲುವು ಅಂತೂ ಆಕಾಶದಿಂದ ಇಳಿದ ಕೈಯಿಂದ. 1978ರ ಆವೃತ್ತಿ ಸಾಕಾಗಿತ್ತು. ಆಗ ಕತ್ತರಿಸಿದ್ದ ನೂರಾರು ಪುಟಗಳನ್ನು 1990ರಲ್ಲಿ ವಾಪಸ್ಸು ಸೇರಿಸಿದರು, ಈಗ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಅದೇ. ನಿಮ್ಮ ಸ್ನೇಹಿತೆ ಒಪ್ಪುವುದಿಲ್ಲ, ಗೊತ್ತು.

ಈಗ ನಿಮ್ಮ ವಾದ. ಎಂಬತ್ತರ ದಶಕ ಚಿನ್ನ, ಆಮೇಲೆಲ್ಲ ತಗಡು. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಎಂಬತ್ತರ ದಶಕದಲ್ಲೇ ತಗಡೂ ಇದೆ. ‘ಕುಜೊ’ ಬರೆದದ್ದೇ ಸರಿಯಾಗಿ ನೆನಪಿಲ್ಲ, ಅಷ್ಟು ಕುಡಿಯುತ್ತಿದ್ದೆ ಅಂತ ಕಿಂಗ್ ತಾವೇ ಬರೆದಿದ್ದಾರೆ. 1987ರ ‘ದಿ ಟಾಮಿನಾಕರ್ಸ್’ ಬಗ್ಗೆ ಅದು ಕೆಟ್ಟ ಪುಸ್ತಕ ಅಂತ ಅವರೇ ಹೇಳಿದ್ದಾರೆ. ಚಟ ಬಿಟ್ಟ ಮೇಲಿನ ಪುಸ್ತಕಗಳಲ್ಲಿ 1992ರ ‘ಡೊಲೊರೆಸ್ ಕ್ಲೇಬೋರ್ನ್’ ನೋಡಿ. ಮನೆಗೆಲಸದ ಹೆಂಗಸೊಬ್ಬಳು ಪೊಲೀಸರ ಮುಂದೆ ಕೂತು ಕೊಡುವ ಹೇಳಿಕೆ, ಅಷ್ಟೇ ಇಡೀ ಕಾದಂಬರಿ. ಅಧ್ಯಾಯಗಳಿಲ್ಲ, ಬೇರೆ ದನಿ ಇಲ್ಲ. ಕೆಟ್ಟ ಗಂಡ, ಹಾಳು ಬಾವಿ, 1963ರ ಸೂರ್ಯಗ್ರಹಣ. ನನ್ನ ಪಟ್ಟಿಯಲ್ಲಿ ನಾಲ್ಕನೆಯದು ಇದೇ. 2011ರ ‘11/22/63’ ಕೆನಡಿ ಹತ್ಯೆ ತಪ್ಪಿಸಲು ಹಿಂದಿನ ಕಾಲಕ್ಕೆ ಹೋಗುವ ಮೇಷ್ಟ್ರ ಕತೆ. ದಪ್ಪ ಪುಸ್ತಕವೇ, ಆದರೆ ಕೊನೆ ಗಟ್ಟಿಯಾಗಿದೆ. ಆ ಕೊನೆಯ ಸಲಹೆ ಕೊಟ್ಟದ್ದು ಮಗ ಜೋ ಹಿಲ್, ಅವರೂ ಹಾರರ್ ಲೇಖಕರೇ. 2014ರ ‘ರಿವೈವಲ್’ ಮಧ್ಯದಲ್ಲಿ ನಿಧಾನ, ಆದರೆ ‘ಪೆಟ್ ಸೆಮೆಟರಿ’ ಆದ ಮೇಲೆ ಅಷ್ಟು ಕತ್ತಲಾದ ಕೊನೆ ಕಿಂಗ್ ಬರೆದದ್ದು ಅಲ್ಲೇ.

ಒಂದು ಪುಸ್ತಕ ಈ ಪಟ್ಟಿಯಿಂದ ಹೊರಗೇ ಇಟ್ಟಿದ್ದೇನೆ, ಯಾಕೆಂದರೆ ಅದು ಹಾರರ್ ಅಲ್ಲ, ಕಾದಂಬರಿಯೂ ಅಲ್ಲ. 1982ರ ‘ಡಿಫರೆಂಟ್ ಸೀಸನ್ಸ್’, ನಾಲ್ಕು ನೀಳ್ಗತೆ. ‘ಶಾಶ್ಯಾಂಕ್ ರಿಡೆಂಪ್ಶನ್’, ‘ಸ್ಟ್ಯಾಂಡ್ ಬೈ ಮಿ’ ಎರಡೂ ಸಿನಿಮಾದ ಮೂಲ ಇದರಲ್ಲೇ ಇದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಒಬ್ಬ ಅಜ್ಜಿ ಸಿಕ್ಕ ಕತೆಯನ್ನು ಕಿಂಗ್ ಹೇಳುತ್ತಿರುತ್ತಾರೆ. ನಿಮ್ಮ ಹೆದರಿಸುವ ಕತೆ ನನಗೆ ಬೇಡ, ‘ಶಾಶ್ಯಾಂಕ್’ ತರಹದ್ದು ಇಷ್ಟ ಅಂದಳಂತೆ. ಅದೂ ನಾನೇ ಬರೆದದ್ದು ಅಂದರೆ, ಇಲ್ಲ, ನೀವು ಬರೆದಿಲ್ಲ ಅಂತ ಹೇಳಿ ಹೊರಟುಹೋದಳಂತೆ. ಕಿಂಗ್ ಅಂದರೆ ಮೂಗು ಮುರಿಯುವ ಮನೆಯವರಿಗೆ ಇದನ್ನೇ ಮೊದಲು ಕೊಡಿ.

ಮಗಳ ವಿಷಯ. ‘ಇಟ್’ ಈಗ ಬೇಡ. ಜೋಕರ್‌ಗೆ ಹೆದರುತ್ತಾಳೆ ಅಂತಲ್ಲ, ಮಕ್ಕಳು ಅದನ್ನು ನಮಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ. ಪುಸ್ತಕದ ಕೊನೆಯ ಭಾಗದಲ್ಲಿ ಆ ಮಕ್ಕಳ ನಡುವೆಯೇ ನಡೆಯುವ ಒಂದು ಪ್ರಸಂಗವಿದೆ. ಕಿಂಗ್‌ನ ಕಟ್ಟಾ ಅಭಿಮಾನಿಗಳಿಗೂ ಅದನ್ನು ಸಮರ್ಥಿಸುವುದು ಕಷ್ಟ. 2017, 2019ರ ಸಿನಿಮಾಗಳು ಅದನ್ನು ಕೈಬಿಟ್ಟವು. ಮನೆಯೊಳಗಿನ ಹಿಂಸೆಯೂ ಜಾಸ್ತಿ ಇದೆ. ಸುಮ್ನೆ ಬೇಡ ಅಂದರೆ ಕದ್ದು ಓದುತ್ತಾಳೆ. ಬದಲಿಗೆ ಬೇರೆ ಎರಡು ಕೊಡಿ. ಒಂದು ‘ದಿ ಐಸ್ ಆಫ್ ದಿ ಡ್ರ್ಯಾಗನ್’. ನಿಮ್ಮ ಹಾರರ್ ನನಗೆ ಬೇಡ ಅಂದ ತಮ್ಮ ಮಗಳಿಗಾಗಿಯೇ ಕಿಂಗ್ ಬರೆದ ರಾಜಕುಮಾರರ ಕತೆ. ಗೋಪುರದಲ್ಲಿ ಸೆರೆಯಾದ ಹುಡುಗ ಊಟದ ಕೈವಸ್ತ್ರಗಳ ಎಳೆ ಬಿಚ್ಚಿ ವರ್ಷಗಟ್ಟಲೆ ಹಗ್ಗ ಹೊಸೆಯುವ ಭಾಗ ಅವಳನ್ನು ಹಿಡಿದು ಕೂರಿಸುತ್ತದೆ. ಇನ್ನೊಂದು 1999ರ ‘ದಿ ಗರ್ಲ್ ಹೂ ಲವ್ಡ್ ಟಾಮ್ ಗಾರ್ಡನ್’. ಒಂಬತ್ತು ವರ್ಷದ ಹುಡುಗಿ ಕಾಡಿನಲ್ಲಿ ದಾರಿ ತಪ್ಪುತ್ತಾಳೆ, ಜೊತೆಗೆ ಒಂದು ವಾಕ್‌ಮನ್ ರೇಡಿಯೊ, ಅದರಲ್ಲಿ ಬರುವ ಬೇಸ್‌ಬಾಲ್ ಕಾಮೆಂಟರಿ. ಚಿಕ್ಕ ಪುಸ್ತಕ, ಇಂಗ್ಲಿಷೂ ಸುಲಭ. ಬೇಸ್‌ಬಾಲ್ ನಿಯಮ ಗೊತ್ತಿಲ್ಲದಿದ್ದರೂ ಕತೆ ನಿಲ್ಲುವುದಿಲ್ಲ. ಇವೆರಡು ಹಿಡಿಸಿದರೆ ಇನ್ನೆರಡು ವರ್ಷ ಬಿಟ್ಟು ‘ಕ್ಯಾರಿ’ ಕೊಡಿ. ‘ಇಟ್’ ಅವಳು ಕಾಲೇಜಿಗೆ ಸೇರಿದ ಮೇಲೆ ಓದಲಿ.